ನಾಲ್ಕನೇ ತಿರುವಿನಲ್ಲಿ ಒಂದು ಊಹೂಂ

ಡಬ್ಲಿನ್

ಆ ಕಡೆಗೆ ಹೋದವರೆಲ್ಲ ಕೆಂಪು ಸೇತುವೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾವು ಹೋದ ದಿನ ಸೇತುವೆ ಪೂರ್ತಿ ಮಂಜಿನೊಳಗೆ ಅಡಗಿತ್ತು. ನನ್ನ ಫೋಟೋದಲ್ಲಿ ನಾನಿದ್ದೇನೆ, ತಂಗಿಯಿಂದ ಕಡ ತಂದ ಸ್ವೆಟರಿದೆ, ಹಿಂದೆ ಸುಣ್ಣ ಬಳಿದಂಥ ಬಿಳುಪಿದೆ. ಸ್ಟಾಫ್ ರೂಮಿನಲ್ಲಿ ತೋರಿಸಿದಾಗ, ಇದನ್ನು ಮೈಸೂರಿನಲ್ಲೇ ಯಾವುದೋ ಗೋಡೆಯ ಮುಂದೆ ತೆಗೆಸಿದ್ದೀರಿ ಎಂದರು. ಹಾಗಾಗಿ ಇನ್ನೊಂದು ಫೋಟೋ ತೆಗೆದು ತೋರಿಸಿದೆ. ಅದರಲ್ಲಿ ನಾನು ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಬಾಯಲ್ಲಿ ಸೀಟಿ ಕಚ್ಚಿಕೊಂಡು, ಬೆಟ್ಟದ ಮಣ್ಣುರಸ್ತೆಯ ಪಕ್ಕ ನಿಂತಿದ್ದೇನೆ. "ಅಲ್ಲಿಗೆ ಹೋಗೂ ಇದೇ ಕೆಲಸಾನಾ ಮೇಡಂ?" ಎಂದು ಗಣಿತದ ಮೇಷ್ಟ್ರು ಕೇಳಿದರು. ಹೌದು, ಅದೇ ಕೆಲಸ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಹೆಸರು ಜಲಜಾಕ್ಷಿ. ಮಕ್ಕಳು ಬೆನ್ನ ಹಿಂದೆ ಇಟ್ಟಿರುವ ಹೆಸರು ಬೇರೆ, ಅದು ಇಲ್ಲಿ ಬೇಡ. ಬೇಸಿಗೆ ರಜೆಗೆ ಡಾಲರ್ ದೇಶದ ಡಬ್ಲಿನ್ನಿನಲ್ಲಿರುವ ತಂಗಿ ಸುಧಾಳ ಮನೆಗೆ ಹೋಗಿದ್ದೆ. ಅವಳು ಮಕ್ಕಳ ಡಾಕ್ಟರು. ಅವಳ ಗಂಡ ಪ್ರಕಾಶ್ ಹುಬ್ಬಳ್ಳಿಯವರು, ಸಾಂಟಾ ಕ್ಲಾರಾದಲ್ಲಿ ಚಿಪ್ಪು ಮಾಡುವ ಕಂಪನಿಯಲ್ಲಿ ಕೆಲಸ. ಚಿಪ್ಪು ಎಂದರೆ ನಮ್ಮ ತೆಂಗಿನ ಚಿಪ್ಪಲ್ಲ ಎಂದು ನಮ್ಮ ಮನೆಯವರಿಗೆ ವಿವರಿಸುವಷ್ಟರಲ್ಲಿ ನನಗೆ ಸಾಕಾಗಿತ್ತು. ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಪ್ರಕಾಶ್ ಅವರ ತಾಯಿ ಶಾಂತಮ್ಮ. ಎಪ್ಪತ್ತು ದಾಟಿದವರು. ಹತ್ತಿಸೀರೆ, ಮೇಲೆ ಸ್ವೆಟರು, ಕಾಲಿಗೆ ದಪ್ಪ ಅಟ್ಟೆಯ ಬಿಳಿ ಶೂ. ಡಬ್ಲಿನ್ನಿನ ಪಾರ್ಕಿನಲ್ಲಿ ಅವರಷ್ಟು ಬೇಗ ನಡೆಯುವವರನ್ನು ನಾನು ಕಾಣಲಿಲ್ಲ.

ಶಾಂತಮ್ಮನವರ ಜೊತೆ ನನ್ನ ಮೊದಲ ಜಗಳ ತಟ್ಟೆಯ ಮುಂದೆ ಆಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಎರಡು ರೊಟ್ಟಿ ಮುಗಿಸಿ ನಾನು ಬೆಲ್ಟು ಸಡಿಲಿಸುವ ಸ್ಥಿತಿಯಲ್ಲಿದ್ದೆ.

"ಇನ್ನೊಂದ್ ಹಾಕ್ಲೇನ್ ತಂಗಿ?"

"ಊಹೂಂ" ಎಂದೆ, ಬಾಯಲ್ಲಿ ತುತ್ತಿತ್ತು.

ತಟ್ಟೆಗೆ ರೊಟ್ಟಿ ಬಿತ್ತು. ಅರ್ಧ.

"ಅಮ್ಮಾ, ನಾನು ಬೇಡ ಅಂದೆ. ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕ ಅರ್ಧಾ ಹಾಕೀನಿ."

ಆ ಅರ್ಧವನ್ನೂ ತಿಂದೆ.

ಆ ಊಟದ ಹೊತ್ತಿಗೇ ಪ್ರಕಾಶ್ ತಮ್ಮ ರ‍್ಯಾಲಿ ವಿಷಯ ತೆಗೆದರು. ಕಾರ್ ರ‍್ಯಾಲಿ ಎಂದ ಕೂಡಲೇ ನಾನು, ನಮ್ಮ ಮನೆಯ ಅಳಿಯಂದಿರು ಹೆಲ್ಮೆಟ್ಟು ಹಾಕಿಕೊಂಡು ಬೆಟ್ಟದ ಮೇಲೆ ಕಾರು ಹಾರಿಸುತ್ತಾರೆ ಎಂದುಕೊಂಡೆ. ತಂಗಿಯ ಮುಖ ನೋಡಿದೆ. ಅವಳು ನಗುತ್ತಿದ್ದಳು.

"ಓಡ್ಸೋದಲ್ರಿ ಅಕ್ಕಾರ, ನಿಂದ್ರೋದು" ಎಂದರು ಪ್ರಕಾಶ್.

ಬೇರೆಯವರು ಕಾರು ಓಡಿಸುತ್ತಾರೆ. ಇವರು ರಸ್ತೆಯ ಪಕ್ಕ ನಿಂತು, ನೋಡಲು ಬಂದವರು ಕಾರಿನಡಿ ಹೋಗದ ಹಾಗೆ ಕಾಯುತ್ತಾರೆ. ಅವರಿಗೆ ಮಾರ್ಷಲ್ ಎಂದು ಹೆಸರು. ಸಂಬಳವಿಲ್ಲ. ಬಿಸಿಲು, ದೂಳು, ಒಂದು ಸ್ಯಾಂಡ್‌ವಿಚ್ಚು. ವಾರವಿಡೀ ಕಂಪ್ಯೂಟರಿನ ಮುಂದೆ ಕೂತ ಮನುಷ್ಯ ಶನಿವಾರ ಬೇಕೆಂದೇ ಹೋಗಿ ಬಿಸಿಲಲ್ಲಿ ನಿಲ್ಲುತ್ತಾನೆ. ನಮ್ಮ ಶಾಲೆಯಲ್ಲಿ ಇದು ಶಿಕ್ಷೆ.

ಆದರೆ ಪ್ರಕಾಶ್ ಅವರಿಗೆ ಇದು ತಮಾಷೆಯಾಗಿರಲಿಲ್ಲ. ಮೂರು ವರ್ಷ ಅವರನ್ನು ಪಾರ್ಕಿಂಗಿಗೇ ಹಾಕಿದ್ದರು. ರ‍್ಯಾಲಿಯ ಒಂದು ಕಾರೂ ಕಾಣದ ಹುಲ್ಲುಗಾವಲಿನಲ್ಲಿ ನಿಂತು, ಬಂದವರ ಬಂಡಿಗಳಿಗೆ ಜಾಗ ತೋರಿಸುವ ಕೆಲಸ. ಈ ವರ್ಷ ಮೊದಲ ಸಲ ಒಂದು ತಿರುವಿಗೆ ಅವರನ್ನು ಕ್ಯಾಪ್ಟನ್ ಮಾಡಿದ್ದರು, ಅದೂ ಪರೀಕ್ಷೆಗಾಗಿ. ಹೆಚ್ಚುಕಡಿಮೆಯಾದರೆ ಮತ್ತೆ ಹುಲ್ಲುಗಾವಲು. ಕ್ಯಾಪ್ಟನ್ನಿನ ನೀಲಿ ಮೇಲಂಗಿ ಬಂದಿತ್ತು. ಪ್ರಕಾಶ್ ಅದನ್ನು ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದ್ದರು.

"ನಮ್ ಮದುವೆ ಕೋಟ್‌ಗೂ ಇಷ್ಟು ಇಸ್ತ್ರಿ ಮಾಡಿರಲಿಲ್ಲ ಕಣೇ" ಎಂದಳು ಸುಧಾ.

ಕ್ಯಾಪ್ಟನ್ ಆದರೂ ಕೈಕೆಳಗೆ ಜನ ಬೇಕಲ್ಲ. ಒಬ್ಬನಿಗೆ ಆಫೀಸಿನಲ್ಲಿ ಏನೋ ರಿಲೀಸು, ಇನ್ನೊಬ್ಬನ ಮಗಳ ಬರ್ತ್‌ಡೇ. ಇಬ್ಬರೂ ಕೈಕೊಟ್ಟಿದ್ದರು. ಪ್ರಕಾಶ್ ರೊಟ್ಟಿ ಮುರಿಯುತ್ತಾ ನನ್ನನ್ನೇ ನೋಡಿದರು.

"ಅಕ್ಕಾರ, ನಿಮಗ ಸೀಟಿ ಊದಾಕ ಬರ್ತೈತಲ್ರಿ?"

ನನ್ನ ಸೀಟಿ ಸೂಟ್‌ಕೇಸಿನಲ್ಲೇ ಇತ್ತು. ಪಾಸ್‌ಪೋರ್ಟ್ ಬಿಟ್ಟು ಹೋದೇನು, ಅದನ್ನು ಬಿಡುವುದಿಲ್ಲ.

ನೆವಾರ್ಕ್

ಸುಮ್ಮನೆ ನಿಲ್ಲುವುದಕ್ಕೂ ಅಲ್ಲಿ ತರಬೇತಿ ಇದೆ. ಒಂದು ಸಂಜೆ ಹತ್ತಿರದ ನೆವಾರ್ಕ್ ಎಂಬ ಊರಿನ ಸಮುದಾಯ ಭವನಕ್ಕೆ ಕರೆದರು. ಅಲ್ಲಿ ಸೇರಿದವರಲ್ಲಿ ಅಜ್ಜಿಯರು, ಹಚ್ಚೆ ಹಾಕಿಸಿಕೊಂಡ ಗಂಡಸರು, ಕೂಸನ್ನು ಎದೆಗೆ ಕಟ್ಟಿಕೊಂಡ ಒಬ್ಬ ತಂದೆ, ಎಲ್ಲರೂ ಇದ್ದರು. ಪ್ರತಿಯೊಬ್ಬರೂ ತಮ್ಮ ನೀರಿನ ಬಾಟಲಿ ತಂದಿದ್ದರು. ಬಾಟಲಿಗಳು ನಮ್ಮ ಸ್ಕೂಲಿನ ಫೈರ್ ಬಕೆಟ್ಟಿಗಿಂತ ಒಂದು ಸುತ್ತು ಮಾತ್ರ ಚಿಕ್ಕವು.

ಪಾಠ ಹೇಳಿದವರು ಕ್ಯಾರೊಲ್. ಇಡೀ ರ‍್ಯಾಲಿಯ ಸುರಕ್ಷತೆ ಅವರ ತಲೆಯ ಮೇಲೆ. ಉಳಿದ ದಿನಗಳಲ್ಲಿ ಹಲ್ಲಿನ ಡಾಕ್ಟರು. ಹಾಗಾಗಿ ಅವರಿಗೊಂದು ಅಭ್ಯಾಸ. ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಎದುರಿಗಿರುವವರ ಬಾಯಿ ತೆರೆದೇ ಇರುತ್ತದೆ, ಮಾತು ಬರುವುದಿಲ್ಲ ಎಂದೇ ಅವರ ಲೆಕ್ಕ. ನನ್ನ ಹೆಸರು ಕೇಳಿ, ಒಂದು ಸಲ ಪ್ರಯತ್ನಿಸಿ, "ಜೇ ಅಂತ ಕರೀತೀನಿ, ಪರವಾಗಿಲ್ಲವಾ?" ಎಂದು ಮುಂದೆ ಹೋಗಿಬಿಟ್ಟರು.

ನಿಯಮಗಳು ಕೇಳಲು ಸುಲಭ. ರಸ್ತೆಗೆ ಬೆನ್ನು ಹಾಕಬೇಡಿ. ತಿರುವಿನ ಹೊರಬದಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ, ಹಿಡಿತ ತಪ್ಪಿದ ಕಾರು ಅಲ್ಲಿಗೇ ಬರುತ್ತದೆ. ಕಾರಿನ ಸದ್ದು ಕೇಳಿದರೆ ಉದ್ದಕ್ಕೆ ಒಂದು ಸೀಟಿ. ಒಳಬದಿಯಲ್ಲಿ, ಎತ್ತರದಲ್ಲಿ, ಅಡ್ಡ ಕಟ್ಟಿದ ಟೇಪಿನ ಹಿಂದೆ ಜನ. ಕೆಂಪು ಬಾವುಟ ಕಂಡರೆ ಎಂಥ ಕಾರೂ ನಿಲ್ಲಬೇಕು. ಕಾರು ಮಗುಚಿದರೆ ಒಳಗಿನವರು ಒಂದು ಹಲಗೆ ತೋರಿಸುತ್ತಾರೆ. ಒಂದು ಕಡೆ ಓಕೆ, ಇನ್ನೊಂದು ಕಡೆ ಕೆಂಪು ಗುರುತು, ಅಂದರೆ ಸಹಾಯ ಬೇಕು.

"ಕಾರು ಮಗುಚಿತು. ನೀವು ಮೊದಲು ಏನು ಮಾಡ್ತೀರಿ?" ಎಂದು ಕ್ಯಾರೊಲ್ ಕೇಳಿದರು.

"ಓಡಿ ಹೋಗ್ತೀನಿ" ಎಂದೆ.

"ತಪ್ಪು. ಮೊದಲು ಮೇಲ್ಗಡೆ ರಸ್ತೆ ನೋಡ್ತೀರಿ. ಹಿಂದಿನಿಂದ ಇನ್ನೊಂದು ಕಾರು ಬರ್ತಿರುತ್ತೆ."

ನನಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಮೈಸೂರಿನಲ್ಲಿ ಒಂದು ಸ್ಕೂಟರು ವಾಲಿದರೆ, ಅದು ನೆಲ ಮುಟ್ಟುವ ಮೊದಲೇ ಸುತ್ತ ಜನ ಇರುತ್ತಾರೆ. ಒಬ್ಬ ಎಂಜಿನ್ನು ಆರಿಸುತ್ತಾನೆ, ಒಬ್ಬ ನೀರು ತರುತ್ತಾನೆ, ಒಬ್ಬ ತಪ್ಪು ಯಾರದೆಂದು ತೀರ್ಪು ಕೊಟ್ಟು ಮುಗಿಸಿರುತ್ತಾನೆ. ಇಲ್ಲಿ ಮನುಷ್ಯ ತಲೆಕೆಳಗಾಗಿ ನೇತಾಡುತ್ತಿದ್ದರೂ ನಾನು ಬೇರೆ ಕಡೆ ಮುಖ ಮಾಡಿ ನಿಲ್ಲಬೇಕಂತೆ.

ಆಮೇಲೆ ರೇಡಿಯೋ ಪಾಠ, ಪೊಲೀಸರ ಕೈಯಲ್ಲಿರುತ್ತದಲ್ಲ ಆ ವಾಕಿಟಾಕಿ. ಅದು ಕ್ಯಾಪ್ಟನ್ನರಿಗೆ ಮಾತ್ರ. ನಮ್ಮಂಥ ಸೀಟಿಯವರನ್ನು ಹೊರಗೆ ಡೋನಟ್ ತಿನ್ನಲು ಕಳಿಸಿದರು. ಡೋನಟ್ ಚೆನ್ನಾಗಿತ್ತು. ಒಳಗೆ ಏನು ಹೇಳಿದರೆಂದು ನಾನು ಕೇಳಲಿಲ್ಲ.

ಮನೆಗೆ ಬಂದು ಶಾಂತಮ್ಮನವರಿಗೆ ವರದಿ ಒಪ್ಪಿಸಿದೆ. ಉದ್ದಕ್ಕೆ ಒಂದು ಸೀಟಿ ಹೊಡೆದರೆ ಕಾರು ಬಂತು ಎಂದರ್ಥ ಅಮ್ಮಾ.

"ಒಂದ ಸೀಟಿಗೆ ಬ್ಯಾಳಿನೂ ಬೇಯೂದಿಲ್ಲ" ಎಂದರು.

ಬೆಟ್ಟದ ದಾರಿ

ಶನಿವಾರ ಬೆಳಿಗ್ಗೆ ಸುಧಾಳಿಗೆ ಆಸ್ಪತ್ರೆಯ ಡ್ಯೂಟಿ. ಶಾಂತಮ್ಮ ತಾವೂ ಬರುವುದಾಗಿ ಹೇಳಿ, ಯಾರೂ ಒಪ್ಪುವ ಮೊದಲೇ ಬುತ್ತಿ ಕಟ್ಟಿ ಕಾರಿನಲ್ಲಿ ಕೂತಿದ್ದರು. ಬುತ್ತಿ ಎಂದರೆ ರೊಟ್ಟಿಯ ಕಟ್ಟು, ಚಟ್ನಿಪುಡಿ, ಮೊಸರು, ಹೆಚ್ಚಿದ ಈರುಳ್ಳಿ. ಇಡೀ ರ‍್ಯಾಲಿಗೆ ಸಾಕಾಗುವಷ್ಟು.

"ಯವ್ವಾ, ನೀ ಟೇಪ್ ದಾಟಂಗಿಲ್ಲ ನೋಡು" ಎಂದರು ಪ್ರಕಾಶ್.

"ನಾ ಯಾಕ್ ದಾಟಲಿ? ನನಗೇನ್ ಕೆಲಸ ಐತಿ ಅಲ್ಲಿ?"

ಫ್ರೀವೇ ಬಿಟ್ಟು ಲಿವರ್‌ಮೋರಿನಾಚೆ ಬೆಟ್ಟಗಳಿಗೆ ತಿರುಗಿದೆವು. ಕೆಳಗೆ ಹುಲ್ಲು ಆಗಲೇ ಒಣಗಿ ಹೊಂಬಣ್ಣಕ್ಕೆ ಬಂದಿತ್ತು, ಓಕ್ ಮರಗಳ ನೆರಳಿನಲ್ಲಿ ಮಾತ್ರ ಇನ್ನೂ ಹಸಿರು. ರ‍್ಯಾಲಿ ನಡೆಯುವುದು ಒಬ್ಬರ ದನದ ರಾಂಚಿನಲ್ಲಿ. ರಾಂಚು ಎಂದರೆ ತೋಟವೂ ಅಲ್ಲ, ಹೊಲವೂ ಅಲ್ಲ, ಸುಮ್ಮನೆ ಬೆಟ್ಟ. ಮಾಲೀಕರ ದನಗಳನ್ನು ಆ ದಿನ ಬೇರೆ ಕಣಿವೆಗೆ ಅಟ್ಟಿದ್ದರು. ಬಾಗಿಲಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ನಾನು ಸತ್ತರೆ ನನ್ನ ಮೇಲೇ ಆಪಾದನೆ ಎಂಬಂಥ ಒಕ್ಕಣೆ. ಕಾಗದ ತೆಗೆದುಕೊಂಡ ಹೆಂಗಸು ನಕ್ಕು, ದಿನ ಚೆನ್ನಾಗಿ ಕಳೆಯಲಿ ಎಂದು ಹಾರೈಸಿದಳು.

ನಮ್ಮದು ನಾಲ್ಕನೇ ತಿರುವು. ರಸ್ತೆ ಮೇಲಿನಿಂದ ಇಳಿದು ಬಂದು, ನಾವಿದ್ದ ದಿಬ್ಬವನ್ನು ಸುತ್ತಿ, ಕೆಳಗೆ ಹೋಗುತ್ತಿತ್ತು. ಆಚೆ ಬದಿಯಲ್ಲಿ ಒಂದು ಏರು, ಅದರ ಮೇಲೆ ದಪ್ಪ ಓಕ್ ಮರ. ಪ್ರಕಾಶ್ ಇಸ್ತ್ರಿಯ ನೀಲಿ ಮೇಲಂಗಿ ಧರಿಸಿ, ಟೇಪು ಕಟ್ಟಿದರು, ಬೆಂಕಿ ಆರಿಸುವ ಸಿಲಿಂಡರು ಇಟ್ಟರು, ಕೆಂಪು ಬಾವುಟವನ್ನು ಕಲ್ಲಿಗೆ ಒರಗಿಸಿದರು. ನಾನು ಟೇಪಿನ ಒಂದು ತುದಿ ಹಿಡಿದದ್ದಕ್ಕೆ, ದಾರಿಯಲ್ಲಿ ಹೋಗುತ್ತಿದ್ದ ಯಾರೋ "ಗುಡ್ ಜಾಬ್" ಎಂದರು. ಗಂಟು ಹಾಕಿದಾಗ ಇನ್ನೊಬ್ಬರು "ಗುಡ್ ಜಾಬ್" ಎಂದರು. ಇಷ್ಟು ವರ್ಷದ ಸರ್ವೀಸಿನಲ್ಲಿ ನಮ್ಮ ಹೆಡ್‌ಮಾಸ್ಟರು ಒಂದು ಸಲವೂ ಅನ್ನದ ಮಾತನ್ನು ನಾನು ಮಧ್ಯಾಹ್ನದೊಳಗೆ ಬೇಸರ ಬರುವಷ್ಟು ಕೇಳಿದೆ.

ನೋಡಲು ಬಂದವರು ಮಡಚುವ ಕುರ್ಚಿ ಬಿಡಿಸಿ, ಮುಖಕ್ಕೆ ಬಿಳಿ ಕ್ರೀಮು ಬಳಿದುಕೊಂಡು ಕೂತರು. ಶಾಂತಮ್ಮ ಅವರ ಸಾಲಿನಲ್ಲೇ ತಮ್ಮ ಕುರ್ಚಿ ಹಾಕಿಸಿಕೊಂಡರು. ಪಕ್ಕದವನಿಗೆ ಚಟ್ನಿಪುಡಿಯ ರುಚಿ ತೋರಿಸಿ, ಅವನು ಕೆಮ್ಮುವುದನ್ನು ಕುತೂಹಲದಿಂದ ನೋಡಿದರು.

ಮೊದಲ ಕಾರು ಬಂತು. ನಾನು ಸೀಟಿ ಊದಿದೆ. ನಮ್ಮ ಊರಿನಲ್ಲಿ ಸೀಟಿ ಊದಿದರೆ ಮಕ್ಕಳು ಮುಂದಕ್ಕೆ ನುಗ್ಗುತ್ತಾರೆ. ಇಲ್ಲಿ ಅಷ್ಟೂ ಜನ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಎಲ್ಲರೂ ದೊಡ್ಡವರು, ಎಲ್ಲರೂ ಹೇಳಿದ ಮಾತು ಕೇಳಿದರು. ಕಾರು ಅಡ್ಡಡ್ಡ ಜಾರುತ್ತಾ, ಕಲ್ಲು ಎರಚುತ್ತಾ ಹೋಯಿತು. ನನ್ನ ಹಲ್ಲಿನ ನಡುವೆಲ್ಲ ದೂಳು. ಬಹಳ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಪ್ರಕಾಶ್ ಯಾಕೆ ಬರುತ್ತಾರೆಂದು ಆಗ ತಿಳಿಯಿತು.

ನಾಲ್ಕನೇ ತಿರುವು

ಮಧ್ಯಾಹ್ನದ ಹೊತ್ತಿಗೆ ಮೇಲೆಲ್ಲೋ ಒಂದು ಕಾರಿನ ಚಕ್ರ ಮುರಿಯಿತು. ಅದನ್ನು ಎಳೆದು ತೆಗೆಯುವವರೆಗೆ ಹೊಸ ಕಾರು ಬಿಡುವುದಿಲ್ಲ ಎಂದು ರೇಡಿಯೋದಲ್ಲಿ ಕ್ಯಾರೊಲ್ ಹೇಳಿದರು. ಅವರು ಕಾರು ಹೊರಡುವ ಜಾಗದಲ್ಲಿದ್ದರು. ಬೆಟ್ಟ ಒಮ್ಮೆಗೇ ಶಾಂತವಾಯಿತು. ಜನ ಸ್ಯಾಂಡ್‌ವಿಚ್ ಬಿಚ್ಚಿದರು.

ಆಗ ಕೆಳಗೆ, ತಿರುವಿನ ಹೊರಬದಿಗೆ, ಗಂಡ ಹೆಂಡತಿ ಇಬ್ಬರು ಎರಡು ನಾಯಿಗಳ ಸಮೇತ ಕುರ್ಚಿ ಹಾಕುತ್ತಿರುವುದು ಪ್ರಕಾಶ್ ಅವರ ಕಣ್ಣಿಗೆ ಬಿತ್ತು. ಅವರನ್ನು ಎಬ್ಬಿಸಲು ಹೊರಟವರು ರೇಡಿಯೋ ನನ್ನ ಕೈಗೆ ಕೊಟ್ಟರು.

"ಸುಮ್ಮನ ಹಿಡ್ಕೊಂಡ್ ನಿಂದ್ರಿ ಅಕ್ಕಾರ. ಏನರ ಕೇಳಿದ್ರ ನನ್ನ ಕರೀರಿ."

ಹೂಂ ಎಂದೆ. ರೇಡಿಯೋ ಕೈಗೆ ಬಂದ ಮೇಲೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಟೇಪಿನ ಹಿಂದಿನ ಸಾಲು ನೋಡಿದೆ. ಶಾಂತಮ್ಮನವರ ಕುರ್ಚಿ ಖಾಲಿ ಇತ್ತು. ರಸ್ತೆಯಾಚೆ ನೋಡಿದೆ. ಓಕ್ ಮರದ ಬುಡದಲ್ಲಿ ಸೀರೆ ಕಂಡಿತು. ಶಾಂತಮ್ಮ ಸೆರಗಿನ ಉಡಿಯಲ್ಲಿ ಏನೋ ತುಂಬಿಕೊಂಡು, ಏರು ಇಳಿದು, ರಸ್ತೆಗೆ ಕಾಲಿಡುತ್ತಿದ್ದರು.

ಅದೇ ಹೊತ್ತಿಗೆ ರೇಡಿಯೋ ಮಾತಾಡಿತು. "ನಂಬರ್ ಫೋರ್, ನಿಮ್ಮ ರೋಡ್ ಕ್ಲಿಯರ್ ಇದೆಯಾ?"

ಪ್ರಕಾಶ್ ಅವರನ್ನು ಕರೆಯಬೇಕಿತ್ತು. ಕರೆಯಲಿಲ್ಲ. ಇಷ್ಟು ಸಣ್ಣ ಪ್ರಶ್ನೆಗೆ ಕ್ಯಾಪ್ಟನ್ ಯಾಕೆ, ನನಗೂ ಕಣ್ಣಿದೆ, ರಸ್ತೆಯಲ್ಲಿ ಹೆಂಗಸೊಬ್ಬರಿದ್ದಾರೆ, ಕ್ಲಿಯರ್ ಎಲ್ಲಿ ಬಂತು? ಗುಂಡಿ ಒತ್ತಿ ಹೇಳಿದೆ.

"ಊಹೂಂ."

"ಕಾಪಿ, ಫೋರ್. ಥ್ಯಾಂಕ್ಯೂ."

ನನ್ನ ವೃತ್ತಿಯಲ್ಲಿ ಕಾಪಿ ಎಂದರೆ ಪರೀಕ್ಷೆ ಹಾಲಿನಿಂದ ಹೊರಗೆ ಹಾಕುವ ಅಪರಾಧ. ಇಲ್ಲಿ ಅದರ ಅರ್ಥ ಬರೆದುಕೊಂಡೆ ಎಂದಿರಬೇಕು ಎಂದುಕೊಂಡೆ. ಎಷ್ಟು ಮರ್ಯಾದೆಯ ಜನ, ಇಲ್ಲ ಅಂದರೂ ಥ್ಯಾಂಕ್ಯೂ ಹೇಳುತ್ತಾರೆ. ನಿಧಾನಕ್ಕೆ ಶಾಂತಮ್ಮನವರಿಗೆ ಕೈಬೀಸಿದೆ. ಅವರೂ ಕೈಬೀಸಿ, ಉಡಿಯಲ್ಲಿದ್ದದ್ದನ್ನು ತೋರಿಸಿದರು. ರಸ್ತೆಯಲ್ಲಿ ಒಂದೆರಡು ಎಲೆ ಬಿದ್ದಿತ್ತು. ಅದನ್ನು ಎತ್ತಲು ಬಗ್ಗಿದರು.

ಬೆಟ್ಟದ ಮೇಲೆ ಎಂಜಿನ್ನು ಗುಡುಗಿತು.

ಪ್ರಕಾಶ್ ಕೆಳಗಿನಿಂದ ಏದುಸಿರು ಬಿಡುತ್ತಾ ಬಂದರು. ಅವರ ಕಣ್ಣು ಮೊದಲು ನನ್ನ ಮೇಲೆ, ಆಮೇಲೆ ರಸ್ತೆಯ ಮೇಲೆ ಬಿತ್ತು.

"ಏನಂದ್ರಿ ಅಕ್ಕಾರ ಅವರಿಗೆ?"

"ಊಹೂಂ ಅಂದೆ."

ಅವರ ಮುಖದ ಬಣ್ಣವೇ ಹೋಯಿತು. ನನಗೆ ಇನ್ನೂ ತಿಳಿದಿರಲಿಲ್ಲ. ಆ ದೇಶದವರು ಹೌದು ಅನ್ನುವುದಕ್ಕೆ ಬಾಯಿ ತೆರೆಯದೆ, ಮೂಗಿನಲ್ಲೇ "ಉಹ್ಹಂ" ಎಂದು ಮುಗಿಸುತ್ತಾರೆ. ದೂಳು ಹಿಡಿದ ರೇಡಿಯೋದಲ್ಲಿ ನನ್ನ ಊಹೂಂ ಹೋಗಿ, ಅವರ ಉಹ್ಹಂ ಆಗಿ ಕ್ಯಾರೊಲ್ ಅವರ ಕಿವಿಗೆ ತಲುಪಿತ್ತು. ಮೈಸೂರಿನಿಂದ ಅಷ್ಟು ದೂರ ಹೋಗಿ, ರಸ್ತೆಯ ನಡುವೆ ಬಗ್ಗಿ ನಿಂತ ಮುದುಕಿಯ ಮೇಲೆ ನಾನೇ ಕಾರು ಬಿಡಿಸಿದ್ದೆ.

ಪ್ರಕಾಶ್ ರೇಡಿಯೋ ಕಿತ್ತುಕೊಂಡು, ರಸ್ತೆಯಲ್ಲಿ ಜನ ಇದ್ದಾರೆ, ನಿಲ್ಲಿಸಿ ಎಂದು ಕಿರುಚಿದರು. ಕಾರು ಆಗಲೇ ಹೊರಟಿದೆ, ಕೆಂಪು ಬಾವುಟ, ಕೆಂಪು ಬಾವುಟ ಎಂದು ಕ್ಯಾರೊಲ್ ಅವರ ದನಿ ಬಂತು. ಅವರು ಅದನ್ನು ಪೂರ್ತಿ ಹೇಳುವಷ್ಟರಲ್ಲಿ ಪ್ರಕಾಶ್ ಬಾವುಟ ಹಿಡಿದು, ದಿಬ್ಬದ ಅಂಚಿನಲ್ಲೇ ಮೇಲಕ್ಕೆ ಓಡಿದ್ದರು. ತಾಯಿಯ ಕಡೆ ಓಡಲಿಲ್ಲ. ಕಾರಿನ ಕಡೆ ಓಡಿದರು. ಆ ಸಂಜೆ ನೆವಾರ್ಕಿನಲ್ಲಿ ಕೇಳಿ ನಾನು ಮೂಗು ಮುರಿದಿದ್ದ ನಿಯಮ ಅದೇ.

ಉಳಿದದ್ದು ನನ್ನ ಪಾಲು. ಸೀಟಿ ಊದಿದೆ. ಶಾಂತಮ್ಮ ತಲೆ ಎತ್ತಿ ನನ್ನ ಕಡೆಗೇ ಹೆಜ್ಜೆ ಇಟ್ಟರು, ಅಂದರೆ ರಸ್ತೆಯ ನಟ್ಟನಡುವಿಗೆ.

"ಅಮ್ಮಾ, ಬರಬೇಡಿ. ಆ ಕಡೆಗೇ ಹೋಗಿ."

"ಹಾಂ?" ಕಿವಿಗೆ ಕೈ ಹಿಡಿದು ಇನ್ನೊಂದು ಹೆಜ್ಜೆ ಇಟ್ಟರು.

"ಹಿಂದಕ್ಕೆ ಹೋಗಿ ಅಮ್ಮಾ."

"ಏನ್ ಹಿಂದ? ಎಲ್ಲಾ ತಂದೀನಿ."

ಟೇಪು ಹಾರಿ ಓಡಬೇಕೆನಿಸಿತು. ಓಡಿದರೆ ರಸ್ತೆಯಲ್ಲಿ ಇಬ್ಬರಾಗುತ್ತೇವೆ. ತಲೆಗೆ ಏನೂ ಹೊಳೆಯಲಿಲ್ಲ. ಆದರೆ ಪ್ರತಿ ಸೋಮವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ತಾನಾಗಿ ತೆರೆದುಕೊಂಡಿತು.

"ಸಾವಧಾನ್."

ಶಾಂತಮ್ಮನವರ ಬಿಳಿ ಶೂಗಳೆರಡೂ ಟಪ್ಪೆಂದು ಕೂಡಿಕೊಂಡವು.

"ಪೀಛೇ ಮುಡ್."

ತಿರುಗಿದರು. ಬಲಗಡೆಯಿಂದಲೇ, ಹಿಮ್ಮಡಿಯ ಮೇಲೆ, ನಮ್ಮ ಹತ್ತನೇ ತರಗತಿಯವರಿಗಿಂತ ಚೊಕ್ಕಟವಾಗಿ.

"ತೇಜ್ ಚಲ್."

ಡಬ್ಲಿನ್ನಿನ ಪಾರ್ಕಿನ ಆ ನಡಿಗೆ ಕೆಲಸಕ್ಕೆ ಬಂತು. ಒಂದು ಕೈಯಲ್ಲಿ ಉಡಿ ಹಿಡಿದು, ಇನ್ನೊಂದು ಕೈ ಭುಜದೆತ್ತರಕ್ಕೆ ಬೀಸುತ್ತಾ, ಶಾಂತಮ್ಮ ಏರು ಹತ್ತಿ ಓಕ್ ಮರದ ಹಿಂದಕ್ಕೆ ಹೋದರು. ನಾನು "ಥಮ್" ಎಂದೆ. ನಿಂತರು.

ಮೇಲೆ ಚಕ್ರಗಳು ಕಿರ್ರೆಂದವು. ದೂಳಿನ ಒಂದು ದೊಡ್ಡ ಮುದ್ದೆ ತಿರುವಿನ ಮೇಲೆ ಬಂದು ನಮ್ಮೆಲ್ಲರನ್ನೂ ಮುಚ್ಚಿತು. ದೂಳು ಇಳಿದಾಗ ಕಾರು ನಿಂತಿತ್ತು, ಅದರ ಮುಂದೆ ಪ್ರಕಾಶ್ ಬಾವುಟ ಚಾಚಿಕೊಂಡು ನಿಂತಿದ್ದರು. ಓಕ್ ಮರದ ಪಕ್ಕದಿಂದ ಅರ್ಧ ತಲೆ ಇಣುಕಿತು.

"ಇನ್ನ ವಿಶ್ರಾಮ್ ಅನ್ನು ತಂಗಿ, ಕಾಲ್ ನೋಯಾಕ್ ಹತ್ತ್ಯಾವ."

"ವಿಶ್ರಾಮ್" ಎಂದೆ. ಯಾರದೋ ಮಡಚುವ ಕುರ್ಚಿಯಲ್ಲಿ ಕುಸಿದು ಕೂತೆ. ಅಳು ಬಂತು, ಅತ್ತೆ. ಪಕ್ಕದವನು ನನ್ನ ಬೆನ್ನು ತಟ್ಟಿ "ಗುಡ್ ಜಾಬ್" ಎಂದನು.

ಪ್ರಕಾಶ್ ರಸ್ತೆ ದಾಟಿ ತಾಯಿಯ ರಟ್ಟೆ ಹಿಡಿದು ನಿಂತರು.

"ಯಾಕ್ ದಾಟಿದಿ ಯವ್ವಾ?"

"ಹಕ್ಕರಕಿ ಐತೋ ಅಲ್ಲಿ. ಎಷ್ಟ್ ಎಳೇದೈತಿ ನೋಡು. ಇಲ್ಲಿಗೆ ಬಂದಾಗಿಂದ ಕಣ್ಣಿಲೆ ಕಂಡಿದ್ದಿಲ್ಲ."

ಹಕ್ಕರಕಿ ಎಂದರೆ ಅವರ ಕಡೆ ಹೊಲದಲ್ಲಿ ತಾನಾಗಿ ಬೆಳೆಯುವ ಸೊಪ್ಪಂತೆ, ಹಸಿಯಾಗೇ ರೊಟ್ಟಿಯ ಜೊತೆ ತಿನ್ನುತ್ತಾರಂತೆ. ಮೈಸೂರಿನವಳಾದ ನನಗೆ ಅದು ಹುಲ್ಲಿನ ಹಾಗೇ ಕಂಡಿತು. ಪ್ರಕಾಶ್ ಫೋನಿನಲ್ಲಿ ಎಲೆಯ ಫೋಟೋ ತೆಗೆದು ಹುಡುಕಿದರು. "ಇದು ಹಕ್ಕರಕಿ ಅಲ್ಲ ಯವ್ವಾ, ಇಲ್ಲೀ ಕಳೆ. ಡ್ಯಾಂಡೆಲಿಯನ್ ಅಂತ."

"ದಾಂಡೇಲಿದೇನು? ಮತ್ತ ನಮ್ಮ ಕಡೀದ ಆತಲ್ಲೋ."

ಕೊಟ್ಟಿಗೆ

ಕ್ಯಾರೊಲ್ ಜೀಪಿನಲ್ಲಿ ಬಂದರು. ಯಾರಿಗೂ ಏನೂ ಆಗಿಲ್ಲ ಎಂದು ನೋಡಿಕೊಂಡು, ನಿಂತ ಕಾರಿಗೆ ಇನ್ನೊಂದು ಅವಕಾಶ ಕೊಡುವುದಾಗಿ ಹೇಳಿ, ನನ್ನ ಮುಂದೆ ಕುರ್ಚಿ ಎಳೆದುಕೊಂಡರು. ಜೀವನದಲ್ಲಿ ಮೊದಲ ಸಲ ಅವರು ಉತ್ತರಕ್ಕೆ ಕಾದರು ಎಂದು ಕಾಣುತ್ತದೆ.

"ರೋಡ್ ಕ್ಲಿಯರ್ ಇದೆಯಾ ಅಂತ ಕೇಳಿದೆ. ನೀವು ಉಹ್ಹಂ ಅಂದಿರಿ."

"ಊಹೂಂ ಅಂದೆ."

"ಅದನ್ನೇ ನಾನೂ ಹೇಳ್ತಿರೋದು."

"ಅಲ್ಲ, ನೀವು ಹೇಳ್ತಿರೋದು ಹೌದು. ನಾನು ಹೇಳಿದ್ದು ಇಲ್ಲ."

"ಹಾಗಾದರೆ ಹೌದು ಅನ್ನೋದಕ್ಕೆ ಏನಂತೀರಿ?"

"ಹೂಂ."

ಕ್ಯಾರೊಲ್ ಕಣ್ಣು ಮುಚ್ಚಿಕೊಂಡರು. ಪ್ರಕಾಶ್ ಬಿಡಿಸಿ ಹೇಳಿದರು. ಆಮೇಲೆ ಕ್ಯಾರೊಲ್ ತಾವೇ ಹೂಂ, ಊಹೂಂ, ಹೂಂ, ಊಹೂಂ ಎಂದು ಅಭ್ಯಾಸ ಮಾಡಿದರು. ಟೇಪಿನ ಹಿಂದಿನ ಸಾಲೂ ಗೊಣಗತೊಡಗಿತು, ನಾಯಿಗಳೆರಡೂ ಕಿವಿ ನಿಮಿರಿಸಿದವು. ಕೊನೆಗೆ ಅವರು ರೇಡಿಯೋ ಎತ್ತಿ, ಇನ್ನು ಮುಂದೆ ಈ ಬೆಟ್ಟದಲ್ಲಿ ಯಾರೂ ಮೂಗಿನಿಂದ ಮಾತಾಡಕೂಡದು, ಎಸ್ ಅಥವಾ ನೋ ಎಂದು ಬಾಯಿ ತೆರೆದೇ ಹೇಳಬೇಕು ಎಂದು ಎಲ್ಲ ತಿರುವುಗಳಿಗೂ ಆಜ್ಞೆ ಹೊರಡಿಸಿದರು. ರೇಡಿಯೋ ಪ್ರಕಾಶ್ ಅವರಿಗೆ ಕೊಟ್ಟು, ನನ್ನ ಕುತ್ತಿಗೆಯ ಸೀಟಿ ತೋರಿಸಿ "ನಿಮಗೆ ಇದು ಮಾತ್ರ" ಎಂದರು. ಪ್ರಕಾಶ್ ಅವರ ವಿಷಯ ಸಂಜೆ ಮಾತಾಡೋಣ ಎಂದು ಜೀಪು ಹತ್ತಿದರು.

ಆ ಸಂಜೆಯವರೆಗಿನ ಹೊತ್ತು ನನಗೆ ನುಂಗಲಾರದ ತುತ್ತಾಗಿತ್ತು. ಪ್ರಕಾಶ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಪ್ರತಿ ಕಾರಿಗೂ ಮೊದಲು ರಸ್ತೆಯನ್ನೂ ತಾಯಿಯ ಕುರ್ಚಿಯನ್ನೂ ನೋಡಿ, "ನಂಬರ್ ಫೋರ್, ಎಸ್" ಎಂದು ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದರು. ನನ್ನಿಂದ ಈ ಮನುಷ್ಯ ಮತ್ತೆ ಹುಲ್ಲುಗಾವಲಿಗೆ ಹೋಗುತ್ತಾರಲ್ಲ ಎಂದುಕೊಳ್ಳುತ್ತಾ ಸೀಟಿ ಊದಿದೆ.

ರ‍್ಯಾಲಿ ಮುಗಿದ ಮೇಲೆ ಮಾರ್ಷಲ್‌ಗಳೆಲ್ಲ ರಾಂಚಿನ ದೊಡ್ಡ ಮರದ ಕೊಟ್ಟಿಗೆಯಲ್ಲಿ ಸೇರಿದರು. ಶಾಂತಮ್ಮ ಉದ್ದ ಮೇಜಿನ ತುದಿ ಹಿಡಿದು ಬುತ್ತಿ ಬಿಚ್ಚಿದರು. ದಾಂಡೇಲಿ ಸೊಪ್ಪನ್ನು ತೊಳೆದು, ಈರುಳ್ಳಿ, ಚಟ್ನಿಪುಡಿ, ಮೊಸರು ಕಲಸಿ ಆಗಿತ್ತು.

"ಪೀಛೇ ಮುಡ್ ಅಂದಾಗ ಹೆಂಗ್ ತಿರುಗಿದ್ರಿ ಅಮ್ಮಾ?" ಎಂದೆ.

"ತಿರುಗ್ದಿದ್ರ ನಮ್ ಮಾಸ್ತರು ಛಡಿಲೆ ಕೊಡ್ತಿದ್ರು. ಕಾಲಿಗೆ ಇನ್ನೂ ನೆನಪೈತಿ" ಎಂದರು. ಆಮೇಲೆ ದನಿ ತಗ್ಗಿಸಿದರು. "ಇಂವಾ ಓಡಿದ್ದ ನೋಡಿದ್ಯಾ? ಸಾಲಿ ಬಿಟ್ಟ ಮ್ಯಾಲ ನನ್ನ ಮಗಾ ಓಡಿದ್ದ ನಾ ನೋಡಿದ್ದಿಲ್ಲ. ನನ್ನ ಬಿಟ್ಟ ಅತ್ತಾಗ ಯಾಕ್ ಓಡ್ಯಾನ ಅಂತ ಸಿಟ್ಟ್ ಬಂದಿತ್ತು. ಕಾರ್ ನಿಂತ ಮ್ಯಾಲ ತಿಳೀತು." ಸೆರಗಿನಿಂದ ಕಣ್ಣು ಒರೆಸಿಕೊಂಡು, ಖಾರ ಹತ್ತಿತು ಎಂದರು.

ಕ್ಯಾರೊಲ್ ನಮ್ಮ ಮೇಜಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಪ್ರಕಾಶ್ ನೀಲಿ ಮೇಲಂಗಿ ತೆಗೆದು, ನಾಲ್ಕು ಮಡಿಕೆ ಮಾಡಿ, ಅವರ ಮುಂದೆ ಇಟ್ಟರು. ನಾನು ಎದ್ದು ನಿಂತು, ತಪ್ಪು ನನ್ನದು, ಅವರದಲ್ಲ ಎಂದೆ. ರೇಡಿಯೋ ಕೈಬಿಟ್ಟದ್ದು ನಾನು ಎಂದರು ಪ್ರಕಾಶ್. ಕ್ಯಾರೊಲ್ ಇಬ್ಬರ ಮಾತನ್ನೂ ಕೇಳಿದ ಹಾಗೆ ಕಾಣಲಿಲ್ಲ. ಮೇಲಂಗಿ ಬಿಡಿಸಿ, ದೂಳಿನ ನಡುವೆಯೂ ಅಚ್ಚಾಗಿ ಉಳಿದಿದ್ದ ಮಡಿಕೆಯ ಗೆರೆಯನ್ನು ಬೆರಳಿನಿಂದ ಸವರಿದರು.

"ಇದಕ್ಕೆ ಇಸ್ತ್ರಿ ಮಾಡಿದ್ದೀರಾ?"

ಪ್ರಕಾಶ್ ತಲೆ ತಗ್ಗಿಸಿದರು.

"ಮುಂದಿನ ಸಲ ಮಾಡಬೇಡಿ. ಹೊಳೆಯೋ ಪಟ್ಟಿ ಸುಟ್ಟು ಹೋಗುತ್ತೆ." ಮೇಲಂಗಿಯನ್ನು ಅವರ ತೊಡೆಯ ಮೇಲೆ ಹಾಕಿ, ಕ್ಯಾರೊಲ್ ಬೆಂಚಿನ ಮೇಲೆ ಕೂತರು.

ಪ್ರಕಾಶ್ ಮೇಲಂಗಿಯನ್ನು ಮತ್ತೆ ತೊಟ್ಟು, ನನ್ನ ಕಡೆ ತಿರುಗಿ, ಆ ಮಧ್ಯಾಹ್ನದ ನಂತರ ಮೊದಲ ಸಲ ನಕ್ಕರು. ನನಗೆ ಮನೆಗೆ ಮರಳಿದಷ್ಟು ನೆಮ್ಮದಿಯಾಯಿತು.

ಶಾಂತಮ್ಮ ಕ್ಯಾರೊಲ್ ಅವರಿಗೆ ತಟ್ಟೆ ಹಾಕಿದರು. ಕ್ಯಾರೊಲ್ ಸೊಪ್ಪನ್ನು ಗುರುತಿಸಿ, ಪ್ರತಿ ಭಾನುವಾರ ಮೊಣಕಾಲೂರಿ ನಮ್ಮ ಅಂಗಳದಿಂದ ಇದನ್ನು ಕಿತ್ತೆಸೆಯುತ್ತೇನೆ ಎಂದರು. ಕಿತ್ತದ್ದನ್ನು ನನಗೆ ಕಳಿಸಲು ಹೇಳು ಎಂದು ಶಾಂತಮ್ಮ ಮಗನಿಗೆ ಹೇಳಿದರು. ಕ್ಯಾರೊಲ್ ಒಂದು ರೊಟ್ಟಿ ಮುಗಿಸಿದರು, ಎರಡನೆಯದನ್ನೂ ಮುಗಿಸಿದರು, ಹಲ್ಲಿಗೆ ಒಳ್ಳೆಯ ವ್ಯಾಯಾಮ ಎಂದರು. ಶಾಂತಮ್ಮ ಮೂರನೆಯದನ್ನು ಎತ್ತಿ ಹಿಡಿದು ಹುಬ್ಬು ಹಾರಿಸಿದರು.

ಕ್ಯಾರೊಲ್ ನನ್ನ ಕಡೆ ನೋಡಿ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿಕೊಂಡರು. ಸ್ಪಷ್ಟವಾಗಿ, ಒಂದಕ್ಷರವೂ ತಪ್ಪದೆ ಹೇಳಿದರು.

"ಊಹೂಂ."

ತಟ್ಟೆಗೆ ಅರ್ಧ ರೊಟ್ಟಿ ಬಿತ್ತು.

ಕ್ಯಾರೊಲ್ ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ನಾನು ಹೇಳಿದ್ದು ಇಲ್ಲ ಅಂತ ಅಲ್ಲವಾ? ನೀವು ಕಲಿಸಿದ್ದು ಹಾಗೇ ತಾನೇ?"

"ಸರಿಯಾಗೇ ಹೇಳಿದಿರಿ" ಎಂದೆ. "ಅದು ರಸ್ತೆಗೆ. ತಟ್ಟೆಗೆ ಬೇರೆ."

"ಏನಂತಾಳ ಆಕಿ?" ಎಂದರು ಶಾಂತಮ್ಮ.

"ಸಾಕಂತ ಯವ್ವಾ" ಎಂದರು ಪ್ರಕಾಶ್.

"ಪಾಪ, ಹಗಲೆಲ್ಲಾ ಬಿಸಲಾಗ ನಿಂತಾಳ" ಎಂದು ಶಾಂತಮ್ಮ ಉಳಿದರ್ಧವನ್ನೂ ಹಾಕಿದರು.